ಒಳಮಡಿಕೆ

ಬಟವಾಡಿಯಾಚೆ ಹೊಸ ಅಪಾರ್ಟ್‌ಮೆಂಟಿನ ಮೂರನೇ ಮಹಡಿ,
ಬಾಗಿಲಿನ್ನೂ ಕೂರಿಸದ ಹೊಸ್ತಿಲಲ್ಲಿ ನಿಂತು
ಬಲಗಾಲಿಡಲೋ ಬೇಡವೋ ಎಂದು ಯೋಚಿಸಿದ್ದು ನಿಜ.
ಯಾರಿಗೂ ಹೇಳಿಲ್ಲ.
ಅಡುಗೆಮನೆ ಕಿಟಕಿಯಲ್ಲಿ ದೇವರಾಯನದುರ್ಗ
ಒಂದು ಗೇಣಿನಷ್ಟು ಕಾಣುತ್ತಿತ್ತು.
ಆ ಗೇಣಿಗೆ ಬೇರೆ ದರವಂತೆ.

"ವರಮಾನ ಚೆನ್ನಾಗಿದೆ ಮೇಡಂ," ಅಂದರು ಬ್ಯಾಂಕಿನ ಗವಿರಂಗಪ್ಪ,
ನನ್ನ ಮೂರು ವರ್ಷದ ತೆರಿಗೆ ಪತ್ರಗಳನ್ನು
ರೇಷ್ಮೆ ಸೀರೆಯಂತೆ ಮಡಿಕೆ ಬಿಚ್ಚಿ ನೋಡುತ್ತ.
"ನಮ್ಮ ಮೇಲಿನವರಿಗೂ ಇಷ್ಟು ಬರಲ್ಲ.
ಕಂತು ನೀವು ಎಡಗೈಲಿ ಕಟ್ತೀರಿ.
ಆದ್ರೆ, ಮಾರ್ಜಿನ್ ಮನಿ?"

ನೂರಕ್ಕೆ ಇಪ್ಪತ್ತು. ನಮ್ಮ ಕೈಯಿಂದ. ಮೊದಲೇ.
ನೋಂದಣಿ ಖರ್ಚು ಬೇರೆ.
"ತಂದೆಯವರದು ಸೈಟು ಗೀಟು?"
ಇಲ್ಲ.
"ತಾಯಿಯವರ ಒಡವೆ?"
ಅದು ನನ್ನ ಎರಡನೇ ವರ್ಷದ ಫೀಸು.
"ಯಜಮಾನರು?"
ನಾನು ತಿರುಗುವ ಫ್ಯಾನು ನೋಡಿದೆ.
ಅವರೂ ನೋಡಿದರು.

ನಾನು ಅರಿವಳಿಕೆ ಡಾಕ್ಟರು.
ಸ್ವಂತ ಆಸ್ಪತ್ರೆಯಿಲ್ಲ, ಊರಿನ ಆಸ್ಪತ್ರೆಗಳೆಲ್ಲ ಕರೆಯುತ್ತವೆ.
ಬೆಳಗಿನ ಐದಕ್ಕೆ ಶಿರಾ ಗೇಟಿನಲ್ಲಿ ಸಿಸೇರಿಯನ್,
ಎಂಟಕ್ಕೆ ಎಸ್.ಎಸ್. ಪುರಂನಲ್ಲಿ ಪಿತ್ತಕೋಶ,
ಮಧ್ಯಾಹ್ನ ಗುಬ್ಬಿಯಲ್ಲಿ ಯಾರದೋ ಮುರಿದ ತೊಡೆ.
ಸ್ಕೂಟರಿನ ಡಿಕ್ಕಿಯಲ್ಲಿ ನಳಿಗೆಗಳ ಪೆಟ್ಟಿಗೆ, ಕಪ್ಪಾದ ಬಾಳೆಹಣ್ಣು.
ಹತ್ತರಿಂದ ಹಿಂದಕ್ಕೆ ಎಣಿಸಿ ಅನ್ನುತ್ತೇನೆ.
ಆರರ ತನಕ ಬಂದವರು ಕಡಿಮೆ.
ಎದ್ದ ಮೇಲೆ ನನ್ನ ಮುಖ ಅವರಿಗೆ ನೆನಪಿರುವುದಿಲ್ಲ,
ಔಷಧಿಯೇ ಹಾಗೆ.

ಅಮ್ಮ ಪುಟ್ಟನರಸಮ್ಮ, ಚಿಕ್ಕಪೇಟೆಯ ಓಣಿಯಲ್ಲಿ
ಅರ್ಧ ಊರಿನ ಮಕ್ಕಳಿಗೆ ಯೂನಿಫಾರಂ ಹೊಲಿದವಳು.
ಲಂಗದ ಅಂಚಲ್ಲಿ ನಾಲ್ಕು ಬೆರಳು ಬಟ್ಟೆ
ಒಳಕ್ಕೆ ಮಡಚಿ ಬಿಡುತ್ತಿದ್ದಳು.
"ಮಗು ಬೆಳೀತದೆ. ಬಟ್ಟೆಗೆ ಅದು ಮೊದಲೇ ಗೊತ್ತಿರ್ಬೇಕು."
ಜೂನಿಗೊಮ್ಮೆ ಒಂದು ಬೆರಳು ಬಿಚ್ಚುವುದು.
ಬಿಚ್ಚಿದಲ್ಲಿ ಬಿಸಿಲು ಕಾಣದ ಗಾಢ ನೀಲಿಯ ಪಟ್ಟಿ.
ನನ್ನ ಲಂಗಕ್ಕೆ ಅಂಥವು ಮೂರು;
ಎಷ್ಟನೇ ಕ್ಲಾಸೆಂದು ಯಾರೂ ಕೇಳಬೇಕಿರಲಿಲ್ಲ.

ಮಾರ್ಜಿನ್ ಅಂದರೆ ಇದೇ ತಾನೆ, ಗವಿರಂಗಪ್ಪನವರೇ?
ನಮ್ಮಲ್ಲೂ ಇತ್ತು.
ಪಿಯುಸಿಗೆ ಒಂದು ಬೆರಳು, ಎಂಬಿಬಿಎಸ್‌ಗೆ ಎರಡು,
ಅಪ್ಪನ ಡಯಾಲಿಸಿಸ್‌ಗೆ ಅಂಚೇ ಹರಿಯಿತು.
ಓದಿನ ಸಾಲ ತೀರಿದ್ದು ಹೋದ ಮಾರ್ಚಿನಲ್ಲಿ,
ನಿಮ್ಮದೇ ಬ್ಯಾಂಕು, ನಿಮ್ಮದೇ ಮೊಹರು.
ಹನ್ನೊಂದು ವರ್ಷ ಒಂದು ಕಂತೂ ತಪ್ಪಿಸದವಳನ್ನು
ಇಷ್ಟು ದಿನ ಏನು ಉಳಿಸಿದಿರಿ ಅಂತೀರಿ.

ಇದೊಂದೂ ಹೇಳಲಿಲ್ಲ.
"ನೋಡೋಣ ಸರ್" ಅಂದೆ.

ಅಳುವ ಹಕ್ಕೂ ನನಗೆ ಪೂರ್ತಿ ಇಲ್ಲ.
ಅಮ್ಮನ ಮಂಡಿ ಬದಲಿಸಿದೆ, ಒಮ್ಮೆ ಸಿಕ್ಕಿಮ್ ನೋಡಿ ಬಂದೆ,
ಎರಡು ಬೆಳಗಿನ ನನ್ನ ದುಡಿಮೆ
ಥಿಯೇಟರ್ ನರ್ಸ್ ದಾಕ್ಷಾಯಿಣಿಯ ತಿಂಗಳ ಸಂಬಳ.
ಅವಳಿಗೆ ಕ್ಯಾತ್ಸಂದ್ರದಲ್ಲಿ ಸ್ವಂತ ಮನೆ,
ಅತ್ತೆ ಬಿಟ್ಟುಹೋದದ್ದು, ಮುಂದೆ ದಾಸವಾಳದ ಗಿಡ.
ಗ್ಲೌಸು ಬಿಚ್ಚುತ್ತ ಕೇಳುತ್ತಾಳೆ:
"ಡಾಕ್ಟ್ರಿಗ್ಯಾಕ್ ಮೇಡಂ ಬಾಡಿಗೆ ಮನೆ?"
ತಮಾಷೆಗೇ ಕೇಳುವುದು.

ಮನೆಗೆ ಬಂದರೆ ಅಮ್ಮನ ಕಾಲ ಮೇಲೆ ಹಳೆಯ ಪರದೆ.
ಆರನೇ ಬಾಡಿಗೆ ಮನೆ ಇದು, ಪರದೆ ಮಾತ್ರ ಅದೇ;
ಒಂದೊಂದು ಮನೆಯ ಕಿಟಕಿಗೆ
ಬಿಚ್ಚಿ ಉದ್ದ ಮಾಡುತ್ತಾಳೆ, ಮಡಚಿ ಗಿಡ್ಡ ಮಾಡುತ್ತಾಳೆ.
"ಅಲ್ಲಿ ಅಡುಗೆಮನೆ ಕಿಟಕಿ ಎಷ್ಟುದ್ದ?"
ಅಳೆದಿದ್ದೆ, ಗೇಣು ಹಾಕಿ, ಬಿಲ್ಡರಿನ ಹುಡುಗ ನೋಡದಾಗ.
"ಗೊತ್ತಿಲ್ಲಮ್ಮ."
"ಸರಿ, ಇರಲಿ" ಎಂದು ನಾಲ್ಕು ಬೆರಳು ಒಳಕ್ಕೆ ಮಡಚಿದಳು.

ಸೂಜಿಗೆ ದಾರ ಪೋಣಿಸಿ ಕೊಡುವಷ್ಟರಲ್ಲಿ ಫೋನು:
ಶಿರಾ ಗೇಟು, ಅವಳಿ ಮಕ್ಕಳು, ಬೇಗ ಬನ್ನಿ.