ಹೆಸರಿಗೆ ಕಾಸಿಲ್ಲ

ಟೋಕನ್ ನಲವತ್ತೊಂದು.
ಸರ್ವರ್ ಬಿದ್ದಿದೆ, ಕೂತಿರಿ ಅನ್ನುತ್ತೇನೆ.
ಕೆಂಗೇರಿ ನಾಡಕಚೇರಿಯ ಬೆಂಚಿನ ಮೇಲೆ
ಹನ್ನೊಂದು ಮನೆತನ
ಪ್ಲಾಸ್ಟಿಕ್ ಕವರಿನಲ್ಲಿ ತಂತಮ್ಮ ಮರ ಹಿಡಿದು ಕೂತಿವೆ.

ಜಿ ಟ್ರೀ ಅನ್ನುತ್ತಾರೆ ಇಲ್ಲಿ ಎಲ್ಲರೂ,
ವಂಶಾವಳಿ ಅನ್ನುವಷ್ಟು ಪುರುಸೊತ್ತು ಯಾರಿಗಿದೆ.
ಮೇಲೊಂದು ಚೌಕ, ತಾತ. ಕೆಳಗೊಂದು ಗೆರೆ.
ತಾತನ ಹೆಂಡತಿ ಹೆಸರು? ಅಂದರೆ
ಅಣ್ಣ ತಮ್ಮ ಮುಖ ಮುಖ ನೋಡುತ್ತಾರೆ,
ಸೈಟಿನ ಅಳತೆ ಮಾತ್ರ ಇಂಚಿನ ಸಮೇತ ಬಾಯಿಪಾಠ.
"ಎಲ್ರೂ ಅಮ್ಮಯ್ಯ ಅಂತಿದ್ರು ಮೇಡಂ, ಹಂಗೇ ಹಾಕ್ಕೊಳ್ಳಿ."

ಇಪ್ಪತ್ತಾರು ವರ್ಷದಿಂದ ಊರವರ ಮರಕ್ಕೆಲ್ಲ ಸೀಲು ಹೊಡೆದಿದ್ದೇನೆ.
ನನ್ನದು ಕೆಳಗಿನ ಡ್ರಾದಲ್ಲಿದೆ,
ಯಾವುದೋ ರದ್ದಾದ ಅರ್ಜಿಯ ಬೆನ್ನಿಗೆ, ಪೆನ್ಸಿಲಿನಲ್ಲಿ.
ಮೂರು ತಲೆ ಮೇಲೆ ಹತ್ತಿ
ಏದುಸಿರು ಬಿಡುತ್ತ ನಿಂತಿದೆ.

ನಮ್ಮಜ್ಜಿಯ ಅಮ್ಮ ಎಡಚಿಯಂತೆ,
ಕುಂಬಾರಪೇಟೆಯಲ್ಲಿ ಹೂ ಕಟ್ಟುತ್ತಿದ್ದಳಂತೆ.
ಪ್ಲೇಗು ಬಂದಾಗ ಮನೆಯವರು ಪಾತ್ರೆಗಳನ್ನು ಬಾವಿಗಿಳಿಸಿ
ಬೀಗ ಜಡಿದು ಊರಾಚೆ ಗುಡಿಸಲಿಗೆ ಹೋದರಂತೆ.
ಬಾವಿಯ ಮೇಲೆ ಈಗ ರೆಡಿಮೇಡ್ ಅಂಗಡಿ.
ಇಷ್ಟೇ ನನ್ನ ಬಳಿ ಇರುವುದು, ನಾಲ್ಕು ಅಂತೆ.

ಎರಡು ತಿಂಗಳಿಗೊಮ್ಮೆ
ಮಿಕ್ಸಿ ಜಾರಿನ ವಾಷರ್ ತರುವ ನೆಪ ಮಾಡಿ ಸಂಡೆ ಬಜಾರಿಗೆ ಹೋಗುತ್ತೇನೆ.
ಮನೆಯಲ್ಲಿ ಈಗ ಹದಿನೇಳು ವಾಷರ್ ಇವೆ.
ಮುಳ್ಳಿಲ್ಲದ ಟೈಂಪೀಸು, ಕಿವಿ ಮುರಿದ ಕಪ್ಪು ಫೋನು,
ಯಾರದೋ ಮದುವೆಯ ಪಟ, ಬರಿ ಚೌಕಟ್ಟಿನ ಬೆಲೆಗೆ.
ಎಲ್ಲ ದಾಟಿ ಹಿತ್ತಾಳೆಯ ರಾಶಿಗೆ ಕುಕ್ಕರಗಾಲಲ್ಲಿ ಕೂರುತ್ತೇನೆ.
ಚೊಂಬಿನ ಕೊರಳು ತಿರುಗಿಸಿ, ಪಾವಿನ ಬೆನ್ನು ಸೆರಗಿನಲ್ಲಿ ಉಜ್ಜಿ,
ಚುಕ್ಕಿ ಚುಕ್ಕಿ ಕೊರೆದದ್ದನ್ನು ಓದುತ್ತೇನೆ:
ಹುಚ್ಚೀರಮ್ಮ.
ತಿ. ನಂಜಕ್ಕ.
ದೊಡ್ಡಪಾಪಮ್ಮನಿಗೆ ತವರಿನಿಂದ.
ಕಾಗದದಲ್ಲಿ ಇಲ್ಲದ ಹೆಂಗಸರು ಪಾತ್ರೆಯಲ್ಲಿದ್ದಾರೆ,
ಹುಣಸೆಹಣ್ಣಿಗೆ ಅರ್ಧ ಸವೆದು.
"ಕೆಜಿ ಲೆಕ್ಕ ಅಮ್ಮಾ," ಅನ್ನುತ್ತಾರೆ ಇಸಾಕ್ ಭಾಯಿ,
"ಹೆಸರಿಗೆ ಕಾಸಿಲ್ಲ."

ನನಗೆ ಬೇಕಾದದ್ದು ಭಾನುವಾರವಲ್ಲ.
ಭಾನುವಾರವೆಂದರೆ ದೋಸೆಹಿಟ್ಟು, ಬಕೆಟ್ಟು, ಅತ್ತೆಯ ಮಂಡಿಗೆ ಎಣ್ಣೆ.
ನನಗೊಂದು ಮಂಗಳವಾರ ಬೇಕು.
ಬೆಳಿಗ್ಗೆ ಹನ್ನೊಂದರ, ಯಾರೂ ಟೋಕನ್ ಹರಿಯದ,
ಇಡೀ ಊರು ತನ್ನ ಕೆಲಸದಲ್ಲಿರುವಾಗ
ನನಗೆ ಮಾತ್ರ ಏನೂ ಇರದ ಮಂಗಳವಾರ.
ಸುಲ್ತಾನಪೇಟೆಯ ತಾಯಕ್ಕತ್ತೆಗೆ ನೆನಪು ತೆರೆಯುವುದು
ಹತ್ತರಿಂದ ಹನ್ನೆರಡು. ಆಮೇಲೆ ಮಂಪರು.
ನನ್ನ ಕೌಂಟರಿನಲ್ಲಿ ನೂಕುನುಗ್ಗಲೂ ಅದೇ ಹೊತ್ತಿಗೆ.
ರಜೆದಿನ ಅವಳ ಮನೆ ತುಂಬ ಮೊಮ್ಮಕ್ಕಳು, ಟಿವಿ,
ಕೇಳಿದರೆ "ಊಟ ಆಯ್ತಾ" ಅಂತಾಳೆ ಅಷ್ಟೇ.
ಈ ವರ್ಷದ ಸಿಎಲ್ ಎಲ್ಲ ಮಾವನ ಡಯಾಲಿಸಿಸ್ಸಿಗೆ ಹೋಯಿತು.
ನಿವೃತ್ತಿಗೆ ಮೂರು ವರ್ಷ ಎರಡು ತಿಂಗಳು.
ತಾಯಕ್ಕತ್ತೆಗೆ ತೊಂಬತ್ತೊಂದು.
ಕೂಡುವ ಕಳೆಯುವ ಕೆಲಸವೇ ನನ್ನದು, ಆದರೂ
ಈ ಲೆಕ್ಕವನ್ನು ನಾನು ಮಾಡುವುದಿಲ್ಲ.

ಅವಳ ಮಂಚದ ಕೆಳಗೆ ಒಂದು ಟ್ರಂಕು ಇದೆ.
ಕನಸಿನಲ್ಲಿ ಎರಡು ಸಲ ತೆರೆದಿದ್ದೇನೆ.
ಒಮ್ಮೆ ಪೂರ್ತಿ ನೀರಿತ್ತು.
ಇನ್ನೊಮ್ಮೆ ಹದಿನೇಳು ವಾಷರ್.

ಸರ್ವರ್ ಬಂತು.
ಅ, ಮ್ಮ, ಯ್ಯ. ಟೈಪು ಮಾಡಿದವಳು ಅಳಿಸಿದೆ.
"ಮನೆಯಲ್ಲಿ ಹಳೇ ಪಾತ್ರೆ ಏನಾದರೂ ಇದೆಯಾ?
ತಳ, ಕಂಠ, ಎಲ್ಲಾದರೂ ಹೆಸರು ಹೊಡೆಸಿರ್ತಾರೆ, ನೋಡ್ಕೊಂಡು ಬನ್ನಿ."
ಇವಳಿಗೇನು ತಲೆ ಕೆಟ್ಟಿತೇ ಎಂಬಂತೆ ಅಣ್ಣ ನೋಡಿದ.
ತಮ್ಮ ನಕ್ಕ:
"ಹೋದ ದೀಪಾವಳಿಗೆ ಎಲ್ಲಾ ಹಾಕ್ಬಿಟ್ಟು ಸ್ಟೀಲು ತಗೊಂಡ್ವಿ ಮೇಡಂ."

ಟೋಕನ್ ನಲವತ್ತೆರಡು ಹಿಂದೆ ನಿಂತು ಕೆಮ್ಮುತ್ತಿದೆ.
ಪೆನ್ಸಿಲ್ ಎತ್ತಿಕೊಂಡು ಕೇಳಿದೆ:
ಯಾವ ಅಂಗಡಿಗೆ?