ನೀರು ತಿಂದ ಕಂಬಿಗಳು

ಮೊದಲು ಗ್ಯಾಸು ಆರಿಸು, ಟೋಬಿನ್. ಆಮೇಲೆ ಕಾಯಬೇಕು.
ಹಂಡೆ ಕಾದಿರುವಷ್ಟು ಹೊತ್ತೂ ನಾವೂ ಕಾದಿರಬೇಕು.
ಅವಸರದವರ ಕೈ ಕಂಡರೆ ಬಿಸಿನೀರಿಗೆ ಬಲು ಪ್ರೀತಿ:
ಇಗೋ ಈ ಮುಂಗೈ ನೋಡು,
ಅರಿಝೋನಾದಲ್ಲಿ ಒಂದು ಬೆಳಿಗ್ಗೆ ಮುದ್ದಿಸಿದ್ದು.

ಬೀಟ್‌ಗೆಡ್ಡೆ ಹೊತ್ತ ಲಾರಿಗಳು ರಾತ್ರಿಯೆಲ್ಲ ಓಡಾಡಿ
ದಾರಿ ಗುರುತು ಸಿಗದಷ್ಟು ಕಪ್ಪು ಕೆಸರು.
ರೆಡ್ ರಿವರ್ ಬಯಲಿಗೆ ನಾಳೆ ಮೊದಲ ಹೆಪ್ಪು ಎಂದಿದೆ ರೇಡಿಯೋ.
ನೀರು ಒಳಗೇ ಕಲ್ಲಾದರೆ ಹಂಡೆ ಸೀಳುತ್ತದೆ;
ಆದ್ದರಿಂದ ಈಗಲೇ. ನಿನ್ನ ನಿದ್ದೆ ಆಮೇಲೆ.

ಮುಟ್ಟಿ ನೋಡು. ತಣ್ಣಗಾಯಿತೆ?
ಪಂಪು ನಿಲ್ಲಿಸು. ಮೇಲಿನ ಹಿತ್ತಾಳೆ ನಾಲಗೆ ಎತ್ತು,
ಹಾಂ, ಬುಸ್ಸೆಂದು ಒಳಗಿನ ಸಿಟ್ಟೆಲ್ಲ ಹೋಗಲಿ.
ಒಂದು ಇಂಚು ಮೇಲೊಂದು ವೀಸ, ಆ ಸಾಕೆಟ್ ತಗೋ,
ಪಾನಾದ ಹಿಡಿಗೆ ಈ ಕೊಳವೆ ತುಂಡು ಸಿಕ್ಕಿಸು,
ಪಕ್ಕಕ್ಕೆ ನಿಲ್ಲು ಅಂದೆ, ಪಕ್ಕಕ್ಕೆ!

ಸರಿ. ಬೂಟು ಒಣಗುತ್ತದೆ ಬಿಡು.

ನೋಡು ಏನೇನು ಉದುರುತ್ತಿದೆ: ಮೊಟ್ಟೆಚಿಪ್ಪಿನಂಥ ಸುಣ್ಣ,
ಬೂದಿ ಬಣ್ಣದ ಮರಳು,
ಎಷ್ಟೋ ಊರುಗಳ ತಳ.
ಮತ್ತೆ ಇದು,
ಹೆಬ್ಬೆರಳಿನ ಗಾತ್ರ ಹೋಗಿ
ಇಲಿ ಕಡಿದ ಮೇಣದ ಬತ್ತಿಯ ಹಾಗೆ ಉಳಿದದ್ದು.
ಮೆಗ್ನೀಷಿಯಂ. ಇದು ತಿಂದು ಮುಗಿಯುವ ತನಕ
ನೀರು ಹಂಡೆಯ ಉಕ್ಕಿಗೆ ಬಾಯಿ ಹಾಕುವುದಿಲ್ಲ.
ಕೈಪಿಡಿಯಲ್ಲಿ ಇದಕ್ಕೆ ಬಲಿ ಕಂಬಿ ಎಂದು ಹೆಸರು.
ನನಗೆ ಆ ಮಾತು ಹಿಡಿಸದು. ಬಲಿಯೂ ಇಲ್ಲ, ಪುಣ್ಯವೂ ಇಲ್ಲ,
ಹದಿನೆಂಟು ಡಾಲರಿನ ಲೋಹ; ಹಸಿದ ನಾಯಿಗೆ ಎಸೆದ ಮೂಳೆ.
ಮೂಳೆ ಮುಗಿಯಿತೇ ಎಂದು ನೋಡುವುದಷ್ಟೇ ನಮ್ಮ ಕೆಲಸ.

ಆ ಕಾಫಿ ಡಬ್ಬಿ ಕೊಡು ಇತ್ತ.
ಆಲ್ವಾ ಮತ್ತು ನಾನು ಹತ್ತೊಂಬತ್ತು ವರ್ಷ
ಈ ಗಾಡಿಯಲ್ಲಿ ಗೆಡ್ಡೆ, ಸೇಬು, ಕ್ರಿಸ್‌ಮಸ್ ಮರ ಎಂದು
ಕೂಲಿ ಇದ್ದಲ್ಲಿಗೆ ಹೋದವರು. ಒಂದು ಫೋಟೋ ಇಟ್ಟವರಲ್ಲ.
ಇವಿವೆ. ಚೀಟಿ ಕಟ್ಟಿದ್ದೇವೆ, ಓದು:
ಟೆಕ್ಸಾಸ್ ಬಾವಿ, ಕೊಳೆತ ಮೊಟ್ಟೆ ವಾಸನೆ, ಏಳೇ ತಿಂಗಳು.
ಒರೆಗಾನ್ ಕರಾವಳಿ, ಮೆದು ನೀರು, ಒಂದು ಹಲ್ಲಿನ ಗುರುತೂ ಇಲ್ಲ;
ಆ ವರ್ಷ ನಮಗೂ ಸುಖ.
ನೆವಾಡಾ: ಬರೀ ತಂತಿ. ಅದರ ಬಗ್ಗೆ ಕೇಳಬೇಡ.

ಕೇಳಿದೆಯಲ್ಲ.
ಆಗ ನಾವು ಮಾತು ಬಿಟ್ಟಿದ್ದೆವು, ಗಾಡಿ ಅವಳ ಬಳಿ.
ಮುಚ್ಚಳ ತೆಗೆದು ನೋಡುವುದು ನನ್ನ ಪಾಳಿ ಎಂದು ಅವಳು,
ಊರಲ್ಲೇ ಇಲ್ಲದವಳಿಗೆ ಯಾವ ಪಾಳಿ ಎಂದು ನಾನು.
ಬೆಸುಗೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು;
ಮಂಚದ ಕೆಳಗಿನ ಹಲಗೆ ಬ್ರೆಡ್ಡಿನಂತೆ ನೆನೆದ ಮೇಲೆ
ಅವಳಿಗೆ ತಿಳಿಯಿತು.
ಕ್ಷಮಿಸು ಎಂದು ಬರೆಯುವ ಕೈಯಲ್ಲ ಆಲ್ವಾಳದು.
ಅಂಚೆಯಲ್ಲಿ ಈ ತಂತಿ ಬಂತು, ಹಳೇ ಕಾಲುಚೀಲದಲ್ಲಿ ಸುತ್ತಿ.
ನಾನು ಬಸ್ಸು ಹತ್ತಿದೆ.
ಹೊಸ ಹಂಡೆಗೆ ಅರ್ಧ ಅರ್ಧ ಹಾಕಿದೆವು.

ಈಗ ಅವಳ ಮೊಣಕಾಲು ಈ ಮೆಟ್ಟಿಲು ಹತ್ತದು.
ಫಾರ್ಗೋದಲ್ಲಿ ಲಿಫ್ಟಿರುವ ಮನೆ ಹಿಡಿದಿದ್ದೇವೆ.
ಅಲ್ಲಿ ಬಿಸಿನೀರು ಗೋಡೆಯಿಂದ ಬರುತ್ತದಂತೆ.
ಅದರ ಹಂಡೆ ಎಲ್ಲಿದೆ ಎಂದು ಕೇಳಿದೆ;
ಮೇಲ್ವಿಚಾರಕ ನನ್ನನ್ನೇ ನೋಡಿದ.

ತೂತು ತೆರೆದೇ ಇರಲಿ, ಪೂರ್ತಿ ಬಸಿಯಲಿ.
ಹೊಸ ಕಂಬಿ ನೀನು ದಕ್ಷಿಣ ಮುಟ್ಟಿದ ಮೇಲೆ:
ತಿರುಪಿಗೆ ಬಿಳಿ ಟೇಪು ನಾಲ್ಕು ಸುತ್ತು,
ಮೊದಲು ಬೆರಳಲ್ಲಿ ತಿರುಗಿಸು, ಆಮೇಲೆ ಬಲ.
ಉರಿಯ ಕೊಳವೆಯಲ್ಲಿ ಜೇಡ ಮನೆ ಮಾಡಿರುತ್ತದೆ, ಊದು.
ನೀರು ತುಂಬಿ, ನಲ್ಲಿ ಉಗುಳುವುದು ನಿಲ್ಲುವ ತನಕ
ಕಿಡಿ ಕೊಡಬೇಡ. ಖಾಲಿ ಹಂಡೆ ಕಾಯಿಸಿದವರುಂಟು.

ಇವತ್ತಿನದಕ್ಕೆ ಚೀಟಿ ನೀನೇ ಬರೆ. ಡಬ್ಬಿ ನನ್ನದು,
ಕಂಬಿ ನಿನ್ನದು, ದುಡ್ಡು ಕೊಟ್ಟಿದ್ದೀಯ.
ಪಾನಾ?
ಪಾನಾ ವ್ಯಾಪಾರದಲ್ಲಿ ಸೇರಿಲ್ಲ. ಒರೆಸಿ ಕೊಡು.