ಮೂರನೇ ಪಾಳಿ

ನಮ್ಮ ಬ್ಯಾಂಡಿನ ಹೆಸರು ಮೂರನೇ ಪಾಳಿ.
ಬನಹಟ್ಟಿಯೊಳಗ ಅದಕ್ಕ ಅರ್ಥ ಹೇಳಬೇಕಾಗಿಲ್ಲ.
ಬೆಳಗಾವಿಯೊಳಗ ಕೇಳಿದರು:
ಯಾಕ್ರಿ, ಒಂದು ಎರಡು ಎಲ್ಲಿ ಹೋದವು?

ಎಲ್ಲೀ ಹೋಗಿಲ್ಲ.
ಮೊದಲನೇ ಪಾಳಿಗೆ ದಸ್ತಗೀರ ನಾಲ್ಕು ಮಗ್ಗ ನೋಡತಾನ.
ಎರಡನೇದಕ್ಕ ಚಿದಾನಂದ ಬಣ್ಣದ ಹೌದಿನ್ಯಾಗ ಕೈ ಅದ್ದತಾನ,
ಅವನ ಗಿಟಾರಿನ ಕುತ್ತಿಗಿ ನೋಡಿದರ ಗೊತ್ತಾಗತೈತಿ
ಯಾವ ವಾರ ಯಾವ ಸೀರಿ ನಡದಿತ್ತು ಅಂತ.
ಕಸ್ತೂರಿ ಕಂಡಿಕಿ ಸುತ್ತತಾಳ, ಹಾಡತಾಳ.
ನಾನು ಸೇಠನ ಲೆಕ್ಕ ಬರೀತೀನಿ, ಬಾಸ್ ಬಾರಿಸ್ತೀನಿ.
ಎರಡರಾಗೂ ನಾ ಇದ್ದದ್ದು ಯಾರಿಗೂ ಕೇಳೂದಿಲ್ಲ,
ಇಲ್ಲದಿದ್ದರ ತಿಳೀತೈತಿ.

ರಾತ್ರಿ ಹನ್ನೊಂದಕ್ಕ ಶೆಡ್ಡಿನ ಮೂಲಿ.
ಹದಿನಾರು ಮಗ್ಗ ಖಟ್ ಖಟ್ ಖಟ್,
ನಡುವ ನಮ್ಮ ಡ್ರಮ್ಮು
(ಅದರಾಗ ಒಂದು ಬಣ್ಣದ ಪುಡಿ ಬಂದ ಡಬ್ಬಿ).
ಬೈಯುವವರಿಲ್ಲ. ಇಷ್ಟು ಗದ್ದಲಾ ಮಾಡಾಕ
ಊರಾಗ ಇನ್ನೊಂದು ಜಾಗಾ ಇಲ್ಲ.
ಮಂಗಳವಾರ ಕರೆಂಟ್ ತಗೀತಾರ.
ಮಗ್ಗ ಸುಮ್ಮನಾಗತಾವ,
ಆಂಪ್ಲಿಫೈಯರೂ ಸುಮ್ಮನಾಗತೈತಿ.
ಹಿಂಗಾಗಿ ಎರಡು ವರ್ಷ
ನಮ್ಮ ಹಾಡು ಹ್ಯಾಂಗ ಐತಿ ಅನ್ನೂದು
ನಮಗ ಬರೇ ಅಂದಾಜು.

ತಂತಿ ಕೂಡಿಸೂದು ಮೋಟರಿನ ಗುಂಯ್ ಅನ್ನೂದಕ್ಕ.
ಫೋನಿನ ಟ್ಯೂನರ್ ಆ ಶೆಡ್ಡಿನಾಗ
ಗಾಳಿ ಬಡದವರಂಗ ಆಡತೈತಿ.

ಕಸ್ತೂರಿಯ ಅವ್ವ ಸಾಂವಕ್ಕ
ಮೂವತ್ತು ವರ್ಷದಾಗ ಎರಡೂ ಕಿವಿ ಮಗ್ಗಕ್ಕ ಕೊಟ್ಟಾಕಿ.
ತುಟಿ ನೋಡಿ ಮಾತು ಹಿಡೀತಾಳ.
ಆಕಿ ಅಷ್ಟ ಅಲ್ಲ, ಅಲ್ಲಿ ಎಲ್ಲಾರೂ ಹಂಗ:
ಪಗಾರದ ಜಗಳ, ಲಗ್ನದ ಮಾತು, ಯಾರೋ ಸತ್ತ ಸುದ್ದಿ
ಈ ತುಟಿಯಿಂದ ಆ ಕಣ್ಣಿಗೆ ಹೋಗತಾವ.
ಹರದ ಎಳಿ ಗಂಟು ಹಾಕಿಕೋತ
ಮಗಳ ಕಡೆ ಒಮ್ಮೆ ಹೊಳ್ಳಿ ನೋಡತಾಳ:
"ಎರಡನೇ ಸಾಲಿನಾಗ ಒಂದು ಮಾತು ನುಂಗಿದಿ."

ಆಮ್ಯಾಲ ಬೆಳಗಾವಿ. ಕಾಲೇಜಿನ ಸ್ಪರ್ಧಾ.
ಗ್ವಾಡಿಗೆಲ್ಲಾ ಗಾದಿ ಹೊಡದ ಹಾಲು,
ಕೆಮ್ಮಿದರ ಕೆಮ್ಮು ಅಲ್ಲೇ ಸಾಯತಿತ್ತು.
ನಮ್ಮ ಮುಂದಿನವರು ಎಲ್ಲಾರಿಗೂ ಗೊತ್ತಿದ್ದ ಹಾಡು ಹಾಡಿದರು,
ಮಂದಿ ಮೊಬೈಲಿನ ಬೆಳಕ ಎತ್ತಿ ತೂಗಿದರು.
ಮೈಕಿನವ ಬಂದು ಅಂದ, ನಿಮ್ಮ ತಂತಿ ಚೂರು ಮ್ಯಾಲ ಅವ.
ಎಲ್ಲಾ ತಂತೀನೂ ಅಷ್ಟ ಮ್ಯಾಲ ಅವೇನ್ರಿ? ಚಿದಾನಂದ ಕೇಳಿದ.
ಹೌದು.
ಹಂಗಾದರ ಇರಲಿ ಬಿಡ್ರಿ, ಅದು ಹೆಸ್ಕಾಂ ಶ್ರುತಿ.

ದಸ್ತಗೀರ ನಾಲ್ಕು ಏಟು ಹೊಡದು ನಿಂತ.
ಎರಡು ಏಟಿನ ನಡುವ ಏನೂ ಇರಲಿಲ್ಲ.
ಅಂಥಾದ್ದು ಅವ ಹುಟ್ಟಿದಾಗಿಂದ ಕೇಳಿರಲಿಲ್ಲ,
ಮೆಟ್ಟಿಲಾ ಐತಿ ಅಂತ ಕಾಲಿಟ್ಟವನಂಗ ಬೆವತ.
ಕಸ್ತೂರಿ ಕಾಯಲಿಲ್ಲ. ಸುರು ಮಾಡಿದಳು.

ಎರಡು ವರ್ಷ ಮಗ್ಗಲದಾಗ ನಿಂತೀನಿ,
ಆಕಿಯ ದನಿ ಕೇಳಿದ್ದು ಅವತ್ತು.
ನಾ ತಿಳಕೊಂಡಂಗ ಇರಲಿಲ್ಲ ಅದು.
ಒಣಾ ಕಟಗಿ ಸಿಗದಂಗ ಒರಟು,
ಸಿಗದ ಮ್ಯಾಲ ಒಳಗ ಹಸಿ.
ಎಂಟು ಸುತ್ತು ನಾ ಬಾರಿಸಲಿಲ್ಲ.

ಬಹುಮಾನ ಬರಲಿಲ್ಲ.
ನಿಮ್ಮವ ಹಾಡು ಯಾರಿಗೆ ಗೊತ್ತದಾವ,
ಗೊತ್ತಿದ್ದದ್ದು ಹಾಡ್ರಿ, ಅಂದರು ಒಬ್ಬರು.
ಸಂಕೇಶ್ವರದ ಹುಡುಗ ಒಬ್ಬ ಬಸ್ಸಿನತನಕ ಬಂದು
ಮೂರನೇ ಹಾಡಿನ ಸಾಲು ಕೇಳಿ
ಟಿಕೇಟಿನ ಹಿಂದ ಬರಕೊಂಡ.
ಮುಧೋಳದಾಗ ಗ್ಯಾದರಿಂಗಿಗೆ ಕರದಾರ,
ಮೂರು ಸಾವಿರ, ಮ್ಯಾಲ ಊಟ.
ಡಿಜೆ ತರತೀರೇನು ಅಂತನೂ ಕೇಳ್ಯಾರ.

ಮರುದಿನ ರಾತ್ರಿ, ಹದಿನಾರೂ ಮಗ್ಗ ನಡದಾಗ,
ಕಸ್ತೂರಿ ಅವ್ವಗ ಫೋನಿನಾಗ ತೋರಿಸಿದಳು.
ಸಾಂವಕ್ಕ ಮೊದಲಿಂದ ಕಡೀತನಕ ನೋಡಿದಳು,
ಇನ್ನೊಮ್ಮೆ ಹಾಕು ಅಂದಳು, ನೋಡಿದಳು.
ಅತ್ಲಾಗ ಒಂದು ಎಳಿ ಹರದು ಮಗ್ಗ ನಿಂತಿತ್ತು,
ಹೋಗಲಿಲ್ಲ.
"ಒಂದು ಮಾತೂ ನುಂಗಿಲ್ಲ," ಅಂದಳು.
ಆಮ್ಯಾಲ ಪರದೆ ಮ್ಯಾಲ ನನ್ನ ಮುಖದ ಮ್ಯಾಲ
ಬೆರಳಿಟ್ಟು ಕೇಳಿದಳು:
"ಇವ ಯಾಕ ಹಿಂಗ
ಬಾಯಿ ತಕ್ಕೊಂಡು ನಿಂತಾನ?"